ಮೂಗಿಗೂ ಎದೆಗೂ ಒಂದೇ ಹಾದಿ

ಆಷಾಢದ ಮಳೆ ಹಿಡಿಯಿತೆಂದರೆ ಮಲೆನಾಡಿನ ಬಹುತೇಕ ಮನೆಗಳಲ್ಲಿ ಒಬ್ಬರಾದರೂ ಬೆಳಗಿನ ಜಾವ ಎದ್ದು ಕುಳಿತು ಒಂದರ ಮೇಲೊಂದರಂತೆ ಹತ್ತಾರು ಸೀನು ಸೀನುತ್ತಾರೆ. ಮೂಗು ಸೋರುತ್ತದೆ, ಕಣ್ಣು ತುರಿಸುತ್ತದೆ, ಒಂದು ಹೊಳ್ಳೆ ತೆರೆದರೆ ಇನ್ನೊಂದು ಕಟ್ಟುತ್ತದೆ. ಮನೆಯವರು ಅದನ್ನು ರೋಗವೆಂದೇ ಎಣಿಸುವುದಿಲ್ಲ. ಮದ್ದು ಮಾಡಿದರೆ ಒಂದು ವಾರ, ಮಾಡದಿದ್ದರೆ ಏಳು ದಿನ ಎಂಬುದು ನೆಗಡಿಯ ಬಗೆಗಿನ ಹಳೆಯ ಮಾತು. ಆದರೆ ಈ ನೆಗಡಿ ಏಳು ದಿನಕ್ಕೆ ಹೋಗುವಂಥದ್ದಲ್ಲ. ತಿಂಗಳುಗಟ್ಟಲೆ ನಿಲ್ಲುತ್ತದೆ, ವರ್ಷವರ್ಷವೂ ಮರಳುತ್ತದೆ. ಹಾಗೆ ಮರಳುತ್ತಿದ್ದುದು ಒಂದು ರಾತ್ರಿ ಎದೆಗಿಳಿಯುತ್ತದೆ. ಎಳೆದುಕೊಂಡ ಉಸಿರು ಸಾಲದು, ಬಿಡಹೊರಟ ಉಸಿರು ಹೊರಹೋಗದು. ಎದೆಯೊಳಗೆ ಸಿಳ್ಳೆಯಂಥ ಸದ್ದು. ಹಳ್ಳ ತುಂಬಿ ಹರಿಯುತ್ತಿರುವ, ದೀಪವಾರಿದ, ಆಸ್ಪತ್ರೆ ಗಾವುದ ದೂರವಿರುವ ಊರಿನಲ್ಲಿ ಅಂಥ ರಾತ್ರಿ ಹೇಗೆ ಕಳೆಯುತ್ತದೆಂಬುದನ್ನು ಗುಡ್ಡಗಾಡಿನ ಓದುಗರಿಗೆ ವಿವರಿಸಬೇಕಾಗಿಲ್ಲ.

ಮೂಗಿನ ತೊಂದರೆ ಬೇರೆ, ಉಬ್ಬಸ ಬೇರೆ ಎಂಬ ತಿಳಿವಳಿಕೆ ಜನರಲ್ಲಿ ಬಲವಾಗಿ ಬೇರೂರಿದೆ. ಮೂಗಿಗೆ ಒಬ್ಬ ವೈದ್ಯರು, ಎದೆಗೆ ಮತ್ತೊಬ್ಬರು ಎಂಬ ಪಟ್ಟಣದ ಆಸ್ಪತ್ರೆಗಳ ವಿಂಗಡಣೆಯೂ ಅದನ್ನೇ ಪೋಷಿಸಿದೆ. ಆದರೆ ದೇಹಕ್ಕೆ ಈ ವಿಂಗಡಣೆ ತಿಳಿಯದು. ಮೂಗಿನ ಹೊಳ್ಳೆಯಿಂದ ಶ್ವಾಸಕೋಶದ ಒಳಗಿನ ಕವಲುಗಳವರೆಗೆ ಇರುವುದು ಒಂದೇ ಹಾದಿ. ಹಾದಿಯ ಬಾಗಿಲಲ್ಲಿ ಎದ್ದ ದೂರನ್ನು ಕೇಳಿಸಿಕೊಳ್ಳದವರಿಗೆ ಅದು ಒಳಮನೆಯಲ್ಲಿ ಎದುರಾಗುತ್ತದೆ. ಪರಿಸರದ ಪತ್ರಿಕೆಯಲ್ಲಿ ರೋಗದ ಮಾತೇಕೆ ಎಂದು ಕೇಳುವವರಿಗೂ ಉತ್ತರ ಇಲ್ಲಿಯೇ ಇದೆ. ಮನುಷ್ಯನ ದೇಹವನ್ನು ಪರಿಸರ ಮೊದಲು ಮುಟ್ಟುವ ಜಾಗಗಳಲ್ಲಿ ಮೂಗು ಒಂದು. ಗಾಳಿ ಕೆಟ್ಟಿದೆಯೆಂಬ ಮೊದಲ ವರದಿಯನ್ನು ಯಾವ ಮಾಪಕಕ್ಕಿಂತಲೂ ಮುಂಚೆ ಅದು ಕೊಡುತ್ತದೆ.

ವಯಸ್ಕನೊಬ್ಬ ದಿನವೊಂದಕ್ಕೆ ಹತ್ತು ಸಾವಿರ ಲೀಟರಿಗೂ ಹೆಚ್ಚು ಗಾಳಿಯನ್ನು ಉಸಿರಾಡುತ್ತಾನೆ. ಆ ಗಾಳಿಯನ್ನು ಸೋಸಿ, ಬೆಚ್ಚಗೆ ಮಾಡಿ, ತೇವ ಸೇರಿಸಿ ಒಳಗೆ ಕಳುಹಿಸುವ ಕೆಲಸ ಮೂಗಿನದು. ದಪ್ಪ ದೂಳನ್ನು ಹೊಳ್ಳೆಯ ಕೂದಲು ತಡೆಯುತ್ತದೆ, ಸಣ್ಣದು ಲೋಳೆಗೆ ಅಂಟುತ್ತದೆ, ಆ ಲೋಳೆಯನ್ನು ಕಣ್ಣಿಗೆ ಕಾಣದ ಸೂಕ್ಷ್ಮ ರೋಮಗಳು ಗಂಟಲಿನತ್ತ ತಳ್ಳುತ್ತವೆ. ಇದೇ ಬಗೆಯ ರೋಮಗಳುಳ್ಳ ಲೋಳೆಪೊರೆಯೇ ಶ್ವಾಸನಾಳದ ಒಳಗೂ ಹಾಸಿದೆ. ಇರುವ ಮುಖ್ಯ ವ್ಯತ್ಯಾಸವೆಂದರೆ, ಮೂಗಿನ ಗೋಡೆಯಲ್ಲಿ ಹಿಗ್ಗಬಲ್ಲ ರಕ್ತನಾಳಗಳು ಹೇರಳವಾಗಿವೆ, ಶ್ವಾಸನಾಳದ ಗೋಡೆಯಲ್ಲಿ ಬಿಗಿಯಬಲ್ಲ ಸ್ನಾಯುಗಳಿವೆ. ಒಗ್ಗದ ವಸ್ತು ತಾಗಿದಾಗ ಮೂಗು ಊದಿಕೊಂಡು ಕಟ್ಟುತ್ತದೆ; ಶ್ವಾಸನಾಳ ಊದಿಕೊಳ್ಳುವುದರ ಜೊತೆಗೆ ಹಿಂಡಿಕೊಂಡು ಇಕ್ಕಟ್ಟಾಗುತ್ತದೆ. ಮೊದಲನೆಯದನ್ನು ಜನ ಶೀತ ಎನ್ನುತ್ತಾರೆ, ಎರಡನೆಯದನ್ನು ಉಬ್ಬಸ ಎನ್ನುತ್ತಾರೆ.

ಒಗ್ಗದಿಕೆ, ಅಂದರೆ ಅಲರ್ಜಿ, ಹೇಗೆ ನಡೆಯುತ್ತದೆಂಬುದು 1960ರ ದಶಕದ ಕೊನೆಯಲ್ಲಿ ಸ್ಪಷ್ಟವಾಯಿತು. ಕೆಲವರ ದೇಹ ಪರಾಗ, ಬೂಷ್ಟು, ದೂಳುನುಸಿಗಳಂಥ ನಿರಪಾಯ ವಸ್ತುಗಳನ್ನು ಶತ್ರುವೆಂದು ತಿಳಿದು ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸುತ್ತದೆ. ಆ ವಸ್ತು ಮತ್ತೆ ಎದುರಾದಾಗ ಲೋಳೆಪೊರೆಯ ಜೀವಕೋಶಗಳು ಹಿಸ್ಟಮೀನ್ ಮೊದಲಾದ ರಾಸಾಯನಿಕಗಳನ್ನು ಚೆಲ್ಲುತ್ತವೆ. ಅದರ ಫಲವೇ ಸೀನು, ತುರಿಕೆ, ನೀರು, ಊತ. ಈ ಉರಿಯೂತ ತಾಗಿದ ಜಾಗಕ್ಕೆ ಸೀಮಿತವಾಗಿರುವುದಿಲ್ಲ. 2000ದ ಆಸುಪಾಸಿನಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಅಲರ್ಜಿಯ ನೆಗಡಿಯುಳ್ಳವರ ಮೂಗಿಗೆ ಮಾತ್ರ ಪರಾಗದ ಸಾರವನ್ನು ಸೋಕಿಸಿ ನೋಡಿದರು. ಉರಿಯೂತದ ಗುರುತುಗಳು ಶ್ವಾಸನಾಳದಲ್ಲೂ ಕಂಡವು. ಶ್ವಾಸನಾಳಕ್ಕೆ ಮಾತ್ರ ಸೋಕಿಸಿದಾಗ ಮೂಗಿನಲ್ಲೂ ಕಂಡವು. ಒಂದು ತುದಿಯಲ್ಲಿ ಹೊತ್ತಿದ್ದು ರಕ್ತದ ಮೂಲಕ ಇನ್ನೊಂದು ತುದಿಯನ್ನು ತಲುಪಿತ್ತು.

ಇದಕ್ಕೆ ಕೊಂಚ ಮೊದಲು, 1999ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ ತಜ್ಞರು ಸಭೆ ಸೇರಿ ಅಲರ್ಜಿಯ ನೆಗಡಿ ಮತ್ತು ಅಸ್ತಮಾಗಳ ನಂಟನ್ನು ಪರಿಶೀಲಿಸಿದರು. 2001ರಲ್ಲಿ ಪ್ರಕಟವಾದ ಅವರ ವರದಿ ‘ಏರಿಯಾ’ ಎಂಬ ಹೆಸರಿನಿಂದ ವೈದ್ಯಲೋಕದಲ್ಲಿ ಪ್ರಸಿದ್ಧವಾಗಿದೆ. ಅಸ್ತಮಾ ಇರುವವರಲ್ಲಿ ಬಹುಪಾಲು ಜನರಿಗೆ ಮೂಗಿನ ತೊಂದರೆಯೂ ಇದೆ, ಅಲರ್ಜಿಯ ನೆಗಡಿ ಇರುವವರಲ್ಲಿ ನೂರಕ್ಕೆ 10ರಿಂದ 40 ಮಂದಿಗೆ ಅಸ್ತಮಾ ಇದೆ ಎಂಬುದು ಈ ಬಗೆಯ ಸಮೀಕ್ಷೆಗಳ ಸಾರ. ಮೂಗಿನ ರೋಗಿಯ ಎದೆಯನ್ನೂ ಎದೆಯ ರೋಗಿಯ ಮೂಗನ್ನೂ ಪರೀಕ್ಷಿಸಬೇಕೆಂಬುದು ಆ ವರದಿಯ ಮುಖ್ಯ ಸಲಹೆ. ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ ಮಕ್ಕಳನ್ನು ಎರಡು ದಶಕಗಳ ಕಾಲ ಗಮನಿಸಿ ದಾಖಲಿಸಿದ ಅಂಕಿಗಳೂ ಇಲ್ಲಿ ನೆನೆಯತಕ್ಕವು. 1979ರಲ್ಲಿ ನೂರಕ್ಕೆ 9ರಷ್ಟಿದ್ದ ಅಸ್ತಮಾ 1999ರ ಹೊತ್ತಿಗೆ 29.5ಕ್ಕೆ ಏರಿತ್ತು. ಅದು ಆಸ್ಪತ್ರೆಯ ಲೆಕ್ಕವೇ ಹೊರತು ಊರಿನ ಲೆಕ್ಕವಲ್ಲ. ಆದರೂ ನಗರದ ಗಾಳಿ ಯಾವ ದಿಕ್ಕಿಗೆ ಸಾಗಿತ್ತೆಂಬುದನ್ನು ಅದು ತೋರಿಸಿಕೊಟ್ಟಿತು.

ಈ ಅರಿವು ಪೂರ್ತಿ ಹೊಸದೂ ಅಲ್ಲ. ಚರಕ ಸಂಹಿತೆಯು ತಮಕಶ್ವಾಸವನ್ನು ವರ್ಣಿಸುವಾಗ ಮೊದಲು ಪೀನಸ, ಬಳಿಕ ಎದೆಯ ಗುರ್‌ಗುರ್ ಸದ್ದು ಎಂಬ ಕ್ರಮವನ್ನೇ ಹೇಳುತ್ತದೆ. ಶ್ವಾಸರೋಗದ ಕಾರಣಗಳಲ್ಲಿ ದೂಳು, ಹೊಗೆ, ಗಾಳಿ, ಶೀತಸ್ಥಳಗಳನ್ನು ಎಣಿಸುತ್ತದೆ. ಮೋಡ ಕವಿದಾಗ, ಮಳೆ ಬಂದಾಗ, ಮೂಡಣ ಗಾಳಿ ಬೀಸಿದಾಗ ತಮಕಶ್ವಾಸ ಉಲ್ಬಣಿಸುತ್ತದೆನ್ನುತ್ತದೆ. ಮಲೆನಾಡಿನ ಮಳೆಗಾಲದ ಮನೆಯೊಂದರ ಚಿತ್ರವೇ ಅದರಲ್ಲಿದೆ.

ಎಲ್ಲ ನೆಗಡಿಯೂ ಉಬ್ಬಸವಾಗುತ್ತದೆಂದು ಇದರ ಅರ್ಥವಲ್ಲ. ಎಲ್ಲ ಉಬ್ಬಸಕ್ಕೂ ಅಲರ್ಜಿಯೇ ಮೂಲವೆಂದೂ ಅಲ್ಲ. ಆದರೆ ಕೆಟ್ಟ ಮೂಗು ಎದೆಯನ್ನು ಕೆಡಿಸುವ ದಾರಿಗಳು ಹಲವಿವೆ. ಮೂಗು ಕಟ್ಟಿದವನು ಬಾಯಿಯಿಂದ ಉಸಿರಾಡುತ್ತಾನೆ. ಸೋಸದ, ಬೆಚ್ಚಗಾಗದ ಗಾಳಿ ನೇರ ಎದೆಗಿಳಿಯುತ್ತದೆ. ವೈರಾಣುಗಳಿಂದ ಬರುವ ಸಾಧಾರಣ ನೆಗಡಿಯೇ ಅಸ್ತಮಾ ಇರುವ ಮಕ್ಕಳಲ್ಲಿ ಬಹುಪಾಲು ಉಬ್ಬಸದ ದಾಳಿಗಳಿಗೆ ಕಿಡಿಯಾಗುತ್ತದೆ. ಸೈನಸ್ ಕುಹರಗಳ ಸೋಂಕು ಮತ್ತು ಉರಿಯೂತ ಹಳತಾದರೆ ಅಸ್ತಮಾ ಹತೋಟಿಗೆ ಬರುವುದು ಕಷ್ಟ. ಮೂಗಿನೊಳಗೆ ದುರ್ಮಾಂಸ ಬೆಳೆದಿದ್ದು ಉಬ್ಬಸವೂ ಇರುವ ಕೆಲವರಿಗೆ ಆಸ್ಪಿರಿನ್ ಮತ್ತು ಅದರ ಬಳಗದ ನೋವಿನ ಮಾತ್ರೆಗಳು ಪ್ರಾಣಾಂತಿಕ ದಾಳಿಯನ್ನೇ ತರಬಲ್ಲವು. ತಲೆನೋವಿಗೆಂದು ಅಂಗಡಿಯಿಂದ ಮಾತ್ರೆ ತಂದು ನುಂಗುವ ರೂಢಿ ಇರುವ ಊರುಗಳಲ್ಲಿ ಈ ಮಾತು ಮನೆಮನೆಗೆ ತಲುಪಬೇಕು.

ಇನ್ನು ಮಲೆನಾಡಿನ ಗಾಳಿಯ ವಿಚಾರ. ಬೆಟ್ಟದ ಗಾಳಿ ಶುದ್ಧವೆಂಬುದು ಪ್ರವಾಸಿಗರ ನಂಬಿಕೆ. ಹೊರಗಿನ ಗಾಳಿಗೆ ಅದು ಬಹಳಮಟ್ಟಿಗೆ ನಿಜ. ಆದರೆ ಗುಡ್ಡಗಾಡಿನ ಜನ, ಅದರಲ್ಲೂ ಹೆಂಗಸರು ಮತ್ತು ಎಳೆಯ ಮಕ್ಕಳು, ಮಳೆಗಾಲದ ನಾಲ್ಕು ತಿಂಗಳು ಉಸಿರಾಡುವುದು ಬಹುತೇಕ ಮನೆಯೊಳಗಿನ ಗಾಳಿಯನ್ನು.

ಹೊರಗಿನ ಅಪವಾದಗಳಲ್ಲಿ ಜನ ಮೊದಲು ಹೆಸರಿಸುವುದು ಅಕೇಶಿಯಾವನ್ನು. ಮಳೆ ಹಿಂದೆಸರಿದು ತೋಪುಗಳು ಹಳದಿ ಹೂ ತಳೆದೊಡನೆ ಸೀನು ಮತ್ತು ಉಬ್ಬಸಗಳು ಹೆಚ್ಚುತ್ತವೆಂಬುದು ಸುತ್ತಲ ಹಳ್ಳಿಗಳ ಅನುಭವದ ಮಾತು. ಅಕೇಶಿಯಾ ಪರಾಗ ಕೆಲವರಿಗೆ ಒಗ್ಗದೆಂಬುದನ್ನು ಅಲರ್ಜಿ ಪರೀಕ್ಷೆಗಳೂ ತೋರಿಸಿವೆ. ಆದರೆ ಈ ಪರಾಗ ಬಿಡಿ ಕಣವಾಗಿ ಹಾರುವಂಥದ್ದಲ್ಲ, ಹಲವು ಕಣಗಳು ಅಂಟಿಕೊಂಡ ಗೊಂಚಲು. ತೂಕ ಹೆಚ್ಚಾದ್ದರಿಂದ ಬಹುಪಾಲು ಮರದ ಸಮೀಪದಲ್ಲಿಯೇ ಉದುರುತ್ತದೆ. ತೋಪಿಗೆ ಬೇಲಿ ತಾಗಿಸಿಕೊಂಡಿರುವ ಮನೆಗಳಿಗೆ, ಅಲ್ಲಿ ಕೂಲಿ ಮಾಡುವವರಿಗೆ, ಅಂಚಿನ ಶಾಲೆಗಳಿಗೆ ಅದು ತೊಂದರೆ ಕೊಡಬಹುದು. ಹರದಾರಿಗಳಾಚೆಯ ಊರಿನ ಉಬ್ಬಸಕ್ಕೆ ಅದನ್ನೇ ಹೊಣೆಯಾಗಿಸುವುದು ಕಷ್ಟ. ಏಕಜಾತಿಯ ನೆಡುತೋಪುಗಳನ್ನು ವಿರೋಧಿಸಲು ನೀರು, ಮಣ್ಣು, ಜೀವವೈವಿಧ್ಯ ಎಂಬ ಗಟ್ಟಿ ಕಾರಣಗಳಿವೆ. ಆ ವಿರೋಧ ನಿಲ್ಲಬೇಕಾದ್ದು ಅವುಗಳ ಮೇಲೆ. ಊರಿನ ಎಲ್ಲ ಉಬ್ಬಸವನ್ನೂ ಅಕೇಶಿಯಾದ ತಲೆಗೆ ಕಟ್ಟಿದರೆ ಅಡುಗೆಮನೆಯ ಹೊಗೆ ಸದ್ದಿಲ್ಲದೆ ಪಾರಾಗುತ್ತದೆ.

ಪಾರ್ಥೇನಿಯಂ ಇನ್ನೊಂದು. 1950ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡ ಈ ಕಳೆ ಬಯಲುಸೀಮೆಯನ್ನು ಆವರಿಸಿ, ಈಗ ಘಟ್ಟದ ರಸ್ತೆಗಳ ಅಂಚಿನಗುಂಟ ಮೇಲೇರುತ್ತಿದೆ. ಅದರ ಪರಾಗ ಮೂಗಿನ ಅಲರ್ಜಿಗೆ ದೊಡ್ಡ ಕಾರಣವೆಂಬುದನ್ನು ಬೆಂಗಳೂರಿನಲ್ಲಿ ನಡೆದ ಅಧ್ಯಯನಗಳು ಖಚಿತಪಡಿಸಿವೆ. ಅದನ್ನು ತಿನ್ನುವ ಮೆಕ್ಸಿಕೋ ಮೂಲದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಅದರಿಂದ ಸ್ವಲ್ಪ ಸಹಾಯವೂ ಆಗಿದೆ. ಆದರೂ ಊರಿನೊಳಗೆ ಕಾಲಿಡುವ ಮೊದಲ ಗಿಡಗಳನ್ನು ಹೂ ಬಿಡುವ ಮುನ್ನವೇ, ಕೈಗೆ ಕವಚ ತೊಟ್ಟು, ಬೇರುಸಹಿತ ಕೀಳುವುದಕ್ಕೆ ಸಾಟಿಯಾದ ಉಪಾಯವಿಲ್ಲ. ಜಲ್ಲಿಕ್ರಷರ್‌ಗಳ ದೂಳು, ದರಕು ಸುಡುವ ಹೊಗೆ, ಬೂಷ್ಟು ಹಿಡಿದ ಬೈಹುಲ್ಲನ್ನು ಕೊಡಹುವಾಗ ಏಳುವ ಪುಡಿ ಇವೂ ಹೊರಗಿನ ಪಟ್ಟಿಗೆ ಸೇರುತ್ತವೆ.

ಒಳಗಿನ ಶತ್ರುಗಳು ಎರಡು: ಹೊಗೆ ಮತ್ತು ತೇವ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ನಿಗದಿಪಡಿಸಿದ ಮಾರ್ಗಸೂಚಿಯಂತೆ ಗಾಳಿಯಲ್ಲಿ 2.5 ಮೈಕ್ರಾನಿಗಿಂತ ಚಿಕ್ಕ ಕಣಗಳು ದಿನದ ಸರಾಸರಿಯಲ್ಲಿ ಘನಮೀಟರಿಗೆ 15 ಮೈಕ್ರೋಗ್ರಾಂ ಮೀರಬಾರದು. ಭಾರತದ ಮಾನಕ 60. ಹೊಗೆಗೂಡಿಲ್ಲದ ಸೌದೆ ಒಲೆಯ ಮುಂದೆ ಅಡುಗೆಯ ಹೊತ್ತಿಗೆ ಅದು ನೂರಾರು ಮೈಕ್ರೋಗ್ರಾಂ ತಲುಪುವುದು ಸಾಮಾನ್ಯ. ಮಳೆಗಾಲದ ಹಸಿ ಸೌದೆಯಾದರೆ ಇನ್ನೂ ಹೆಚ್ಚು. ಹೊಗೆ ಅಲರ್ಜಿಯ ವಸ್ತುವಲ್ಲ, ಆದರೆ ಅದು ಲೋಳೆಪೊರೆಯನ್ನು ಕೆರಳಿಸುತ್ತದೆ, ಸೂಕ್ಷ್ಮ ರೋಮಗಳನ್ನು ಜಡಗೊಳಿಸುತ್ತದೆ. ಕಾವಲುಗಾರ ಕುಸಿದ ಬಾಗಿಲಲ್ಲಿ ಪರಾಗ, ಬೂಷ್ಟು, ವೈರಾಣುಗಳಿಗೆ ಪ್ರವೇಶ ಸುಲಭ.

ಒಲೆಯ ಹೊಗೆಯನ್ನು ಹಿರಿಯರು ಸಮರ್ಥಿಸಿಕೊಳ್ಳುವುದುಂಟು. ಅಟ್ಟದ ಮೇಲಿನ ಅಡಿಕೆ ಒಣಗಿಸಿದ್ದು, ಜಂತಿ ತೊಲೆಗಳಿಗೆ ಹುಳ ಹಿಡಿಯದಂತೆ ಕಾದದ್ದು ಆ ಹೊಗೆಯೇ. ಅದು ಸುಳ್ಳಲ್ಲ. ಆದರೆ ತೊಲೆಯ ಆಯುಷ್ಯವನ್ನು ಅಡುಗೆ ಮಾಡುವವಳ ಶ್ವಾಸದಿಂದ ಕೊಳ್ಳಬೇಕಾಗಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಘಟಕ 1980ರ ದಶಕದಲ್ಲಿಯೇ ಹೊಗೆಗೂಡುಳ್ಳ, ಸೌದೆ ಉಳಿಸುವ ಅಸ್ತ್ರ ಒಲೆಯನ್ನು ಕರ್ನಾಟಕದ ಹಳ್ಳಿಗಳಿಗೆ ತಲುಪಿಸಿತು. ಶಿರಸಿಯ ಸುತ್ತಿನ ಹಳ್ಳಿಗಳು ಗೋಬರ್ ಗ್ಯಾಸಿಗೆ ಹೆಸರಾದವು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆ ಬಡವರ ಮನೆಗೂ ಸಿಲಿಂಡರ್ ತಂದಿತು. ಹೀಗಿದ್ದೂ ಹೊಗೆ ಮನೆ ಬಿಟ್ಟಿಲ್ಲ. ತುಂಬಿಸಿಕೊಳ್ಳಲು ಹಣವಿಲ್ಲದ ಸಿಲಿಂಡರ್ ಮೂಲೆ ಸೇರುತ್ತದೆ. ಅನುಕೂಲಸ್ಥರ ಮನೆಯಲ್ಲಿಯೂ ಅಡುಗೆ ಗ್ಯಾಸಿನ ಮೇಲೆ, ಬಚ್ಚಲ ಹಂಡೆ ಮಾತ್ರ ಸೌದೆಯ ಮೇಲೆ. ಬಚ್ಚಲಿಗೊಂದು ಸರಿಯಾದ ಹೊಗೆಗೂಡು ಕಟ್ಟಿಸುವುದು ಮನೆಗೆ ಬಣ್ಣ ಬಳಿಸುವುದಕ್ಕಿಂತ ಮೊದಲಿನ ಕೆಲಸವಾಗಬೇಕು.

ತೇವದ ಕಥೆ ಇನ್ನೂ ಸೂಕ್ಷ್ಮ. ಮನುಷ್ಯನ ಚರ್ಮದಿಂದ ಉದುರುವ ಹೊಟ್ಟನ್ನು ತಿಂದು ಹಾಸಿಗೆ ದಿಂಬುಗಳಲ್ಲಿ ಬದುಕುವ ದೂಳುನುಸಿಗಳು ಬರಿಗಣ್ಣಿಗೆ ಕಾಣವು. ಒಣಗಾಳಿಯಲ್ಲಿ ಅವು ಬಹುಕಾಲ ಉಳಿಯಲಾರವು. ಮಲೆನಾಡಿನ ಮಳೆಗಾಲ ಅವುಗಳಿಗೆ ಸುಗ್ಗಿ. ಗೋಡೆಯ ಕಪ್ಪು ಬೂಷ್ಟೂ ಹಾಗೆಯೇ. ಬೆಳಗಿನ ಜಾವದ ಸೀನಿನ ಮೂಲ ಎಷ್ಟೋ ಸಲ ಕಾಡಿನಲ್ಲಿಲ್ಲ, ತಲೆದಿಂಬಿನಲ್ಲಿದೆ. ಬಿಸಿಲು ಬಿದ್ದ ದಿನ ಹಾಸಿಗೆಯನ್ನು ಅಂಗಳಕ್ಕೆ ತರುವುದು, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯುವುದು, ಮಲಗುವ ಕೋಣೆಯಲ್ಲಿ ಹಳೆಯ ಬಟ್ಟೆಗಂಟು ಕಾಗದಗಳನ್ನು ಪೇರಿಸದಿರುವುದು, ಸೋರುವ ಮಾಡನ್ನು ಮಳೆಗೆ ಮುನ್ನ ಕಟ್ಟುವುದು—ಇವು ಖರ್ಚಿಲ್ಲದ ಅಥವಾ ಕಡಿಮೆ ಖರ್ಚಿನ ಚಿಕಿತ್ಸೆಗಳು.

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬಾರದೆಂಬ ಗಾದೆಯಿದೆ. ನೆಗಡಿಯೆಂದು ಅಲಕ್ಷಿಸಿ ಎದೆಯನ್ನು ಕಳೆದುಕೊಳ್ಳಬಾರದೆಂಬುದೂ ಅಷ್ಟೇ ನಿಜ. ಮೂಗು ಕಟ್ಟಿದಾಗ ಅಂಗಡಿಯಲ್ಲಿ ಸಿಗುವ ಹನಿಮದ್ದು ಕ್ಷಣದಲ್ಲಿ ಮೂಗು ತೆರೆಸುತ್ತದೆ. ಆದರೆ ನಾಲ್ಕೈದು ದಿನ ಮೀರಿ ಬಳಸಿದರೆ ಅದೇ ಮೂಗನ್ನು ಮತ್ತಷ್ಟು ಕಟ್ಟಿಸುತ್ತದೆ. ಉಪ್ಪುನೀರಿನಿಂದ ಮೂಗು ತೊಳೆಯುವ ಜಲನೇತಿ ಹಿತಕರವೇ ಹೌದು, ಆದರೆ ನೀರು ಕುದಿಸಿ ಆರಿಸಿದ್ದೇ ಆಗಿರಬೇಕು. ಕೆರೆ ತೊರೆಗಳ ನೀರು ಮೂಗಿಗೆ ಹೋಗಿ ಮೆದುಳಿಗೆ ಸೋಂಕು ತರುವ ಅಮೀಬಾ 2024 ಮತ್ತು 2025ರಲ್ಲಿ ನೆರೆಯ ಕೇರಳದಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡಿದೆ. ಹಳೆಯ ಅಲರ್ಜಿ ನೆಗಡಿಗೆ ವೈದ್ಯರ ಸಲಹೆಯಂತೆ ದಿನವೂ ಬಳಸುವ ಮೂಗಿನ ಸ್ಟೀರಾಯ್ಡ್ ಸಿಂಚನ ಪರಿಣಾಮಕಾರಿ. ಮೂಗಿಗೆ ಸರಿಯಾದ ಚಿಕಿತ್ಸೆ ಪಡೆದ ಅಸ್ತಮಾ ರೋಗಿಗಳು ತುರ್ತು ಚಿಕಿತ್ಸೆಗೆ ಧಾವಿಸುವ ಪ್ರಸಂಗಗಳು ಕಡಿಮೆಯೆಂಬುದನ್ನು 2000ದ ದಶಕದ ಆರಂಭದ ಅಧ್ಯಯನಗಳು ಗುರುತಿಸಿವೆ. ಹಾಗೆಂದು ಮೂಗಿನ ಮದ್ದು ಎದೆಯ ಮದ್ದಿಗೆ ಬದಲಿಯಲ್ಲ. ಎರಡೂ ಬೇಕಾದವರಿಗೆ ಎರಡೂ ಬೇಕು.

ಎದೆಯ ಮದ್ದಾದ ಇನ್‌ಹೇಲರಿನ ಬಗ್ಗೆ ಹಳ್ಳಿಗಳಲ್ಲಿರುವ ಅಳುಕು ರೋಗಕ್ಕಿಂತ ಅಪಾಯಕಾರಿ. ಒಮ್ಮೆ ಹಿಡಿದರೆ ಬಿಡಲಾಗದೆಂಬ ಭಯ, ಹೆಣ್ಣುಮಗಳ ಕೈಯಲ್ಲಿ ಕಂಡರೆ ಸಂಬಂಧ ಕೂಡಿಬರದೆಂಬ ಸಂಕೋಚ, ಇವುಗಳಿಂದ ಎಷ್ಟೋ ಮಂದಿ ಮದ್ದನ್ನು ಬಚ್ಚಿಡುತ್ತಾರೆ, ಇಲ್ಲವೇ ಬಿಟ್ಟುಬಿಡುತ್ತಾರೆ. ವಾಸ್ತವದಲ್ಲಿ ಮಾತ್ರೆಯಲ್ಲಿ ಮಿಲಿಗ್ರಾಂಗಳಲ್ಲಿ ಸೇವಿಸುವ ಸ್ಟೀರಾಯ್ಡ್ ಇನ್‌ಹೇಲರಿನಲ್ಲಿ ಮೈಕ್ರೋಗ್ರಾಂಗಳಲ್ಲಿ, ಬೇಕಾದ ಜಾಗಕ್ಕೇ ತಲುಪುತ್ತದೆ. ಉಸಿರುಗಟ್ಟಿದಾಗ ಮಾತ್ರ ತಕ್ಷಣದ ಉಪಶಮನದ ಇನ್‌ಹೇಲರನ್ನು ಎಳೆದು, ಉರಿಯೂತ ತಗ್ಗಿಸುವ ಮದ್ದನ್ನು ಕೈಬಿಡುವುದು ಸುರಕ್ಷಿತವಲ್ಲವೆಂದು ಜಾಗತಿಕ ಅಸ್ತಮಾ ಮಾರ್ಗಸೂಚಿ 2019ರಲ್ಲಿ ಸ್ಪಷ್ಟವಾಗಿ ಹೇಳಿತು. ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಭಾರತದ ಪಾಲು ನೂರಕ್ಕೆ ಸುಮಾರು 13, ಅಸ್ತಮಾ ಸಾವುಗಳಲ್ಲಿ ಸುಮಾರು 42 ಎಂಬುದು 2019ರ ಜಾಗತಿಕ ರೋಗಹೊರೆಯ ಅಂದಾಜು. ಈ ಅಂತರ ರೋಗದ್ದಲ್ಲ, ಸಿಗದ ಮದ್ದಿನದು ಮತ್ತು ಸಿಕ್ಕರೂ ಬಳಸದ ಮದ್ದಿನದು. ಪ್ರತಿ ಜೂನ್‌ನಲ್ಲಿ ಮೃಗಶಿರ ಮಳೆಯ ಹೊತ್ತಿಗೆ ಹೈದರಾಬಾದಿನ ಮೀನುಮದ್ದಿಗೆ ಸಾಲುಗಟ್ಟುವವರ ಆಸೆ ಅರ್ಥವಾಗುವಂಥದು. ಆದರೆ ಅದರಿಂದ ಅಸ್ತಮಾ ವಾಸಿಯಾಗುತ್ತದೆಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಅದನ್ನು ನಂಬಿ ದಿನದ ಮದ್ದು ನಿಲ್ಲಿಸುವುದು ಮಳೆಗಾಲದ ಹೊಸ್ತಿಲಲ್ಲಿ ಕೊಡೆ ಎಸೆದಂತೆ.

ಶಾಲೆಗಳ ಪಾತ್ರ ಇಲ್ಲಿ ದೊಡ್ಡದು. ಅಂಗೈಯಿಂದ ಮೂಗನ್ನು ಮೇಲಕ್ಕೆ ಒರೆಸಿ ಒರೆಸಿ ಮೂಗಿನ ಮೇಲೆ ಅಡ್ಡಗೆರೆ ಮೂಡಿದ ಮಗು, ಕಣ್ಣಿನ ಕೆಳಗೆ ಕಪ್ಪುಗಟ್ಟಿದ ಮಗು, ಬಾಯಿ ತೆರೆದು ನಿದ್ರಿಸಿ ತರಗತಿಯಲ್ಲಿ ತೂಕಡಿಸುವ ಮಗು, ಓಡಿದರೆ ಕೆಮ್ಮುವ ಮಗು ಕೊಳಕೂ ಅಲ್ಲ, ಸೋಮಾರಿಯೂ ಅಲ್ಲ. ಗೊಣ್ಣೆ ಸುರುಕನೆಂದು ಅವನನ್ನು ಹಂಗಿಸುವ ಸಹಪಾಠಿಗಳಿಗೆ ಈ ವಿಷಯ ತಿಳಿದರೆ ಅದೇ ಒಂದು ಪರಿಸರ ಪಾಠ. ಯಾವ ತಿಂಗಳಲ್ಲಿ, ಯಾವ ಮರ ಹೂ ಬಿಟ್ಟಾಗ, ಯಾವ ಮನೆಗಳಲ್ಲಿ ಸೀನು ಹೆಚ್ಚುತ್ತದೆಂಬುದನ್ನು ವಿದ್ಯಾರ್ಥಿಗಳು ಒಂದು ವರ್ಷ ಬರೆದಿಟ್ಟರೆ, ಅಕೇಶಿಯಾದ ವಾದಕ್ಕೂ ಅಡುಗೆಮನೆಯ ವಾದಕ್ಕೂ ಊರಿನದೇ ಆಧಾರ ದೊರೆತೀತು.

ಹಕ್ಕೊತ್ತಾಯಗಳೂ ಸ್ಪಷ್ಟವಾಗಿವೆ. ಗುಡ್ಡಗಾಡಿನ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಳೆಗಾಲಕ್ಕೆ ಮುನ್ನವೇ ಎರಡೂ ಬಗೆಯ ಇನ್‌ಹೇಲರ್‌ಗಳ ದಾಸ್ತಾನಿರಬೇಕು. ಉಬ್ಬಸವೆಂದು ಬಂದವರ ಮೂಗನ್ನೂ ಬಹುದಿನದ ನೆಗಡಿಯೆಂದು ಬಂದವರ ಎದೆಯನ್ನೂ ಅಲ್ಲಿ ಪರೀಕ್ಷಿಸಬೇಕು. ಸಿಲಿಂಡರ್ ತುಂಬಿಸಿಕೊಳ್ಳಲಾಗದ ಮನೆಗಳನ್ನು ಪಂಚಾಯಿತಿ ಗುರುತಿಸಿ, ಹೊಗೆಗೂಡುಳ್ಳ ಒಲೆಯನ್ನಾದರೂ ಒದಗಿಸಬೇಕು. ಶಾಲೆ ಮತ್ತು ವಸತಿಗಳ ಅಂಚಿನಲ್ಲಿ ಅಕೇಶಿಯಾದ ಬದಲು ಊರಿನ ಕಾಡುಜಾತಿಯ ಗಿಡಗಳನ್ನು ಅರಣ್ಯ ಇಲಾಖೆ ಬೆಳೆಸಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ಸಂಶೋಧನೆಯ ಕಾಯುವಿಕೆ ಬೇಕಿಲ್ಲ.

ಪರಿಸರ ಹೋರಾಟವೆಂದರೆ ಕಾಡು, ನದಿ, ಗಣಿಗಳ ಹೋರಾಟವೆಂಬುದು ರೂಢಿಯ ಎಣಿಕೆ. ಆ ಹೋರಾಟಕ್ಕೆ ಹೊರಟವರ ಮನೆಯ ಒಲೆಯ ಮುಂದೆ ಒಬ್ಬ ತಾಯಿ ಕಣ್ಣೊರೆಸಿಕೊಂಡು ಕೆಮ್ಮುತ್ತಿದ್ದರೆ ಆ ಗಾಳಿಯೂ ಪರಿಸರವೇ. ಬರುವ ಮಳೆಗಾಲದಲ್ಲಿ ಮನೆಯ ಮಗು ಬೆಳಗಿನ ಜಾವ ಎದ್ದು ಸೀನತೊಡಗಿದರೆ, ಶೀತವೆಂದು ಮಗ್ಗುಲಾಗುವ ಮುನ್ನ ಅದರ ಉಸಿರಿಗೆ ಒಮ್ಮೆ ಕಿವಿಗೊಡುವುದು ಒಳಿತು.